ಎಡಗಡೆಯ ಚಕ್ರ

ಸಿಂಗಪುರದಲ್ಲಿ ದಿನಾ ಸ್ವೆಟರ್ ಹಾಕಿಕೊಂಡು ದುಡಿಯುವವರು ಬಹಳ ಜನ ಇರಲಾರರು. ನಾನು ಅವರಲ್ಲೊಬ್ಬ. ಜುರಾಂಗಿನ ಕಾರ್ಖಾನೆಗಳ ನಡುವೆ ಇರುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಎಂಜಿನಿಯರ್. ಮೀನು, ಸೀಗಡಿ, ಐಸ್‌ಕ್ರೀಮು, ಬಟಾಣಿ ಎಲ್ಲವನ್ನೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಕಾಪಾಡುವುದು ನನ್ನ ಹೊಟ್ಟೆಪಾಡು. ಬಸ್ಸಿನಲ್ಲಿ ದಪ್ಪ ಜಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತರೆ ಪಕ್ಕದವರು ಒಂದು ಥರಾ ನೋಡುತ್ತಾರೆ. ನೋಡಲಿ. ಚಳಿಯ ವಿಷಯದಲ್ಲಿ ಈ ಅಚ್ಯುತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡು ಬಂದವನು ನಾನು. ಆ ಜಂಬ ಕಳೆದ ಆಯುಧಪೂಜೆಯ ವಾರ ಇಳಿಯಿತು.

ನನ್ನ ಮಗಳು ಮೈತ್ರೇಯಿ ಪೈಲಟ್. ಟೋಪಿ ಹಾಕಿಕೊಂಡು ಚಾಂಗಿ ಏರ್‌ಪೋರ್ಟಿನಲ್ಲಿ ಟ್ರಾಲಿ ಎಳೆದುಕೊಂಡು ಹೋಗುವ ಪೈಲಟ್ ಅಲ್ಲ. ಕೆನಡಾದ ಉತ್ತರದಲ್ಲಿ ರಸ್ತೆಯೇ ಹೋಗದ ಊರುಗಳಿಗೆ ಹಾಲು, ಮೊಟ್ಟೆ, ಔಷಧಿ, ಟಪಾಲು ಹೊತ್ತೊಯ್ಯುವ ಒಂದೇ ಎಂಜಿನ್ನಿನ ಸಣ್ಣ ವಿಮಾನದ ಪೈಲಟ್. ಹುಟ್ಟಿ ಬೆಳೆದದ್ದು ಜುರಾಂಗ್ ವೆಸ್ಟಿನ ನಮ್ಮ ಈ ಫ್ಲ್ಯಾಟಿನಲ್ಲೇ. ಹಿಮ ಅಂತ ಅವಳು ಮೊದಲು ಮುಟ್ಟಿ ನೋಡಿದ್ದು ನನ್ನ ಕೋಲ್ಡ್ ಸ್ಟೋರೇಜಿನ ಕೊಳವೆಗಳ ಮೇಲೆ, ಒಂದನೇ ಕ್ಲಾಸಿನಲ್ಲಿದ್ದಾಗ. ಅಂಥವಳು ಹಿಮದ ನಾಡಿಗೆ ಹೊರಟು ನಿಂತಾಗ ನಾನೂ ನನ್ನ ಹೆಂಡತಿ ನಿರುಪಮಾಳೂ ಬೇಡವೆಂದೆವು.

"ದೊಡ್ಡ ಏರ್‌ಲೈನ್ಸಿಗೆ ಸೇರ್ಬೇಕು ಅಂದ್ರೆ ಫ್ಲೈಯಿಂಗ್ ಅವರ್ಸ್ ಬೇಕು ಅಪ್ಪ. ಎಲ್ರೂ ಹೀಗೇ ಶುರು ಮಾಡೋದು ಲಾ," ಎಂದು ಸಿಂಗಪುರದ ರಾಗದಲ್ಲೇ ಹೇಳಿ ಬೇಸಿಗೆಯಲ್ಲೇ ಹೊರಟುಹೋದಳು. ಪೆಟ್ಟಿಗೆಯ ಮೂಲೆಯಲ್ಲಿ ನಿರುಪಮಾ ಅರಿಶಿನ ಕುಂಕುಮದ ಪೊಟ್ಟಣ ತುರುಕಿದ್ದಳು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಎಲ್ಲದರ ಹಣೆಗೂ ಕುಂಕುಮ ಬೀಳುತ್ತದೆ. ನಮಗೆ ಕಾರಿಲ್ಲ. ಸಿಂಗಪುರದಲ್ಲಿ ಕಾರು ಇಟ್ಟುಕೊಳ್ಳುವುದೂ ಒಂದೇ, ಆನೆ ಕಟ್ಟುವುದೂ ಒಂದೇ. ಹಾಗಾಗಿ ವಾಹನಪೂಜೆಗೆ ಮೈತ್ರೇಯಿಯ ಹಳೆಯ ಸೈಕಲ್ಲೇ ಗತಿ. ಈ ಸಲ ನಿರುಪಮಾ ತಗಾದೆ ತೆಗೆದಳು.

"ಮಗಳು ವಿಮಾನ ಓಡಿಸ್ತಾಳೆ, ನಾವು ತುಕ್ಕು ಹಿಡಿದ ಸೈಕಲ್ಲಿಗೆ ಹೂವು ಮುಡಿಸ್ತಾ ಕೂತಿದೀವಿ," ಎಂದು ಮಗಳಿಗೆ ವಿಡಿಯೋ ಕಾಲ್ ಮಾಡಿದಳು.

"ಅಮ್ಮ, ಪ್ಲೇನ್ ಕಂಪನೀದು."

"ಓಡಿಸೋಳು ನೀನು ತಾನೆ?"

ಮೈತ್ರೇಯಿ ನಕ್ಕು ಒಪ್ಪಿಕೊಂಡಳು. ಅಲ್ಲಿನ ಜನ ಒಳ್ಳೆಯವರು, ಹ್ಯಾಂಗರಿನಲ್ಲಿ ಪೂಜೆ ಮಾಡುತ್ತೇನೆ ಎಂದರೆ ಖುಷಿಯಿಂದ ಒಪ್ಪಿದರು. ನಿಂಬೆಹಣ್ಣು ಸಿಕ್ಕಿತು. ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ಎಲ್ಲಿಂದ ಬರಬೇಕು? ಆದರೆ ಅಕ್ಟೋಬರಿನಲ್ಲಿ ಅಲ್ಲಿ ಅಂಗಡಿ ತುಂಬ ಕೆಂಪು ಸಿಹಿಗುಂಬಳದ ರಾಶಿ. ಅದನ್ನೇ ಒಂದು ತಂದಳು. ನಿರುಪಮಾ ಮೂಗು ಮುರಿದರೂ ಆಗಲಿ ಅಂದಳು.

ಇಲ್ಲಿ ನಮಗೆ ರಾತ್ರಿ ಊಟದ ಹೊತ್ತು, ಅಲ್ಲಿ ಅವಳಿಗೆ ಬೆಳಗು. ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ, ಹ್ಯಾಂಗರಿನೊಳಗೆ ಹೀಟರ್ ಹಾಕಿಕೊಂಡು ಬೆಚ್ಚಗೆ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಹೊರಡಬೇಕಿತ್ತು. ಫೋನನ್ನು ವಿಮಾನದ ಎಡಗಡೆ, ಸ್ಪಾನರ್ ಪೆಟ್ಟಿಗೆಯ ಮೇಲೆ ಒರಗಿಸಿ ಇಟ್ಟಳು.

"ಒಂದು ಚೂರು ನೀರು ಪ್ರೋಕ್ಷಣೆ ಮಾಡು, ಸಾಕು," ಎಂದಳು ನಿರುಪಮಾ.

ಅಷ್ಟಕ್ಕೇ ನಿಂತಿದ್ದರೆ ಕತೆ ಮುಗಿದಿತ್ತು. ನಾನು ಸುಮ್ಮನಿರಬೇಕಲ್ಲ. ಮೈಸೂರಿನಲ್ಲಿ ನಮ್ಮಪ್ಪ ಆಯುಧಪೂಜೆಯ ದಿನ ಸ್ಕೂಟರಿಗೆ ಮೈ ತಿಕ್ಕಿ ಸ್ನಾನ ಮಾಡಿಸುತ್ತಿದ್ದರು. ಚಕ್ರದ ಕಡ್ಡಿಕಡ್ಡಿಗೂ ಹಳೇ ಬ್ರಷ್ ಹಾಕಿ ನನ್ನಿಂದ ಉಜ್ಜಿಸುತ್ತಿದ್ದರು. ಅದು ನನ್ನ ರಕ್ತದಲ್ಲಿದೆ.

"ಪ್ರೋಕ್ಷಣೆ ಏನು ಬಂತು? ಚಕ್ರ ನೋಡು, ಹೇಗೆ ಮಣ್ಣು ಮೆತ್ಕೊಂಡಿದೆ. ಮೊದಲು ತೊಳಿ, ಆಮೇಲೆ ಪೂಜೆ," ಎಂದೆ.

ಪಾಪ, ಹುಡುಗಿ ಬಕೆಟ್ಟಿನಲ್ಲಿ ಬಿಸಿನೀರು ತಂದಳು. ಮಗ್ಗಿನಿಂದ ಹುಯ್ದಳು, ಉಜ್ಜಿದಳು. ನಾನು ಇಲ್ಲಿ ಸೋಫಾದ ಮೇಲೆ ಕೂತು ಮೇಸ್ತ್ರಿಗಿರಿ ಮಾಡಿದೆ. "ಇನ್ನೂ ಒಳಗಡೆ. ಆ ಬ್ರೇಕಿನ ಬಿಲ್ಲೆ ಹತ್ರ ಕಪ್ಪಗೆ ಕಾಣ್ತಿದೆ. ಹಾಕು, ಇನ್ನೊಂದು ಮಗ್ ಹಾಕು." ಆಚೆ ಬಲಗಡೆಯ ಚಕ್ರ ನನಗೆ ಕಾಣುತ್ತಿರಲಿಲ್ಲ. ಅದಕ್ಕೆ ಬರುವಷ್ಟರಲ್ಲಿ ಅವಳು ಟೈಮ್ ಆಯ್ತು ಎಂದು ಬೆರಳಲ್ಲಿ ನಾಲ್ಕು ಹನಿ ಚಿಮುಕಿಸಿ ಮುಗಿಸಿದಳು. ಕುಂಕುಮವಾಯಿತು, ಚಕ್ರದಡಿ ನಿಂಬೆಹಣ್ಣಾಯಿತು. ಬಾಗಿಲು ತೆರೆದು ವಿಮಾನವನ್ನು ಹೊರಗೆ ಎಳೆದಾಗ ನಿಂಬೆಹಣ್ಣು ಪಚಕ್ ಎಂದಿತು. ಹಿಮದ ಮೇಲೆ ಕೆಂಪು ಕುಂಬಳಕಾಯಿ ಒಡೆಯಿತು. ಅವಳ ಜೊತೆಯವರು ಚಪ್ಪಾಳೆ ತಟ್ಟಿದರು. ನಾವು ಇಲ್ಲಿಂದಲೇ ಕೈಮುಗಿದೆವು.

ಮಾರನೆಯ ಬೆಳಿಗ್ಗೆ ಕಾಫಿ ಸೋಸುವ ಹೊತ್ತಿಗೆ ಅವಳದೇ ಫೋನು ಬಂತು. ತುಟಿ ಊದಿತ್ತು. "ಅಪ್ಪ, ಅಮ್ಮ, ನಾನು ಚೆನ್ನಾಗಿದೀನಿ, ಮೊದಲು ಅದು ಕೇಳ್ಕೊಳಿ," ಎಂದಳು.

ಆದದ್ದು ಇಷ್ಟು. ಅವಳು ಅವತ್ತು ಸಾಮಾನು ಹೊತ್ತು ಹೋದ ಊರಿನ ರನ್‌ವೇ ಎಂದರೆ ಜಲ್ಲಿ ನೆಲ, ಮೇಲೆ ಗಟ್ಟಿಯಾದ ಹಿಮ. ಗಾಳಿ ಅಡ್ಡ ಬೀಸದೆ ನೇರ ಎದುರಿನಿಂದಿತ್ತು, ಕಣ್ಣಿಗೆ ಎಲ್ಲ ಸ್ಪಷ್ಟವಾಗಿತ್ತು. ಚಕ್ರ ನೆಲಕ್ಕೆ ತಾಗಿದ್ದೇ ತಡ, ವಿಮಾನ ಎಡಕ್ಕೆ ಎಳೆಯಿತು. ಇವಳು ಬಲಕ್ಕೆ ತಿರುಗಿಸಿದರೂ ಕೇಳಲಿಲ್ಲ. ರನ್‌ವೇ ಬಿಟ್ಟು ಜಾರಿಕೊಂಡು ಹೋಗಿ, ಬದಿಯಲ್ಲಿ ತಳ್ಳಿ ಗುಡ್ಡೆ ಹಾಕಿದ್ದ ಹಿಮಕ್ಕೆ ಮೂತಿ ಊರಿ, ಬಾಲ ಮೇಲೆತ್ತಿ ನಿಂತು, ಮತ್ತೆ ಧೊಪ್ಪನೆ ಹಿಂದಕ್ಕೆ ಬಿತ್ತು. ಪ್ರೊಪೆಲರ್ ಮಡಚಿಹೋಯಿತು. ಬೆಲ್ಟು ಬಿಗಿದು ಹೆಗಲು ಕಪ್ಪಾಯಿತು, ತುಟಿ ಒಡೆಯಿತು. ಪ್ರಯಾಣಿಕರು ಯಾರೂ ಇರಲಿಲ್ಲ. ಮೊಟ್ಟೆ ಮಾತ್ರ ಒಂದೂ ಉಳಿಯಲಿಲ್ಲವಂತೆ.

"ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು," ಎಂದು ನಿರುಪಮಾ ದೇವರ ಮುಂದೆ ಕೂತು ಗೊಳೋ ಎಂದು ಅತ್ತಳು. ನಾನು ಅಳಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತೆ. ಜೀವ ಉಳಿದಿದೆ, ಇನ್ನೇನು ಬೇಕು ಎಂದುಕೊಂಡೆ.

ಬೇಕಾದದ್ದು ಇತ್ತು ಎಂದು ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ಕಂಪನಿಯ ಮೆಕ್ಯಾನಿಕ್ ಹೋಗುವಷ್ಟರಲ್ಲಿ ಊರಿನವರು ವಿಮಾನವನ್ನು ಎಳೆದು, ಹಿಮ ಬಳಿಯುವ ಗಾಡಿಗಳನ್ನು ನಿಲ್ಲಿಸುವ ಬೆಚ್ಚನೆಯ ಶೆಡ್ಡಿಗೆ ಸೇರಿಸಿದ್ದರು. ಅವನು ಜಾಕ್ ಕೊಟ್ಟು ಎತ್ತಿ ನೋಡಿದರೆ ಎಡಚಕ್ರ ಬುಗುರಿಯ ಹಾಗೆ ತಿರುಗಿತು. ಬ್ರೇಕು ಸರಿಯಾಗಿದೆ, ಟೈರು ಸರಿಯಾಗಿದೆ. ಹಾಗಾದರೆ ಎಡಕ್ಕೆ ಎಳೆದದ್ದು ಏನು?

"ನನ್ನ ಕಾಲು," ಎಂದಳು ಮೈತ್ರೇಯಿ, ಅವತ್ತಿನ ಫೋನಿನಲ್ಲಿ. "ಪೆಡಲಿನ ಕೆಳಭಾಗ ತಿರುಗೋದಕ್ಕೆ, ಮೇಲುಭಾಗ ಬ್ರೇಕಿಗೆ. ಲ್ಯಾಂಡಿಂಗಲ್ಲಿ ಹಿಮ್ಮಡಿ ನೆಲದ ಮೇಲಿರ್ಬೇಕು, ಬೆರಳು ಮೇಲಕ್ಕೆ ಹೋಗ್ಬಾರ್ದು. ಮೊದಲನೇ ದಿನದ ಪಾಠ ಅದು. ನಾನು ಹೆದ್ರಿ ಎಡಗಾಲು ಒತ್ತಿರ್ಬೇಕು."

"ಒತ್ತಿದ್ಯಾ?" ಎಂದೆ.

"ಒತ್ತಿಲ್ಲ ಅಂತಾನೇ ನೆನಪು. ಆದ್ರೆ ಬೇರೆ ಕಾರಣಾನೇ ಇಲ್ಲ ಅಪ್ಪ. ಹೊರಡೋವಾಗ ನೆಲದ ಮೇಲೆ ಒಣ ಹಿಮ, ಕರಗಿ ನೀರಾದ ಸ್ಲಶ್ ಕೂಡ ಇರ್ಲಿಲ್ಲ. ರಾತ್ರಿ ಮಲಗಿದ್ರೆ ಕಾಲು ತನ್ನಷ್ಟಕ್ಕೆ ಒತ್ತತ್ತೆ. ನನ್ನ ಕಾಲನ್ನೇ ನಾನು ನಂಬಕ್ಕಾಗ್ತಿಲ್ಲ. ಶುಕ್ರವಾರ ಚೀಫ್ ಪೈಲಟ್ ಹತ್ರ ಮೀಟಿಂಗ್ ಇದೆ. ನನ್ನದೇ ತಪ್ಪು ಅಂತ ಹೇಳ್ತೀನಿ. ಹೇಳಿ ರಿಸೈನ್ ಮಾಡ್ತೀನಿ. ಮನೆಗೆ ಬರ್ತೀನಿ."

ಮನೆಗೆ ಬರ್ತೀನಿ ಎಂದಾಗ ನಮ್ಮಿಬ್ಬರಿಗೂ ಹಾಲು ಕುಡಿದಷ್ಟು ಸಂತೋಷವಾಯಿತು. ಇದರಲ್ಲಿ ಮುಚ್ಚಿಡುವುದೇನಿದೆ? ಮಗಳ ಗೋಳು ಒಂದು ಕಡೆ, ನಮ್ಮ ನೆಮ್ಮದಿ ಒಂದು ಕಡೆ. ನಿರುಪಮಾ ಅಂದೇ ಅವಳ ರೂಮಿಗೆ ಹೊಸ ಬೆಡ್‌ಶೀಟ್ ತಂದಳು, ನೀಲಿ ಬಣ್ಣದ್ದು. ಕಪಾಟಿನಲ್ಲಿದ್ದ ನನ್ನ ಪುಸ್ತಕಗಳು ಹಾಲಿಗೆ ಬಂದವು. ಬ್ಯೂನಾ ವಿಸ್ಟಾದಲ್ಲಿ ಕೆಲಸ ಮಾಡುವ ಅವಳ ಗೆಳತಿ ಅರುಂಧತಿಗೆ ಫೋನ್ ಹೋಯಿತು. ಅಲ್ಲಿ ಡ್ರೋನ್ ತಯಾರಿಸುವ ಕಂಪನಿಯೊಂದರಲ್ಲಿ ಪೈಲಟ್ ಓದಿದವರನ್ನು ಆಫೀಸಿಗೆ ತೆಗೆದುಕೊಳ್ಳುತ್ತಾರಂತೆ. ಮೇಜು, ಕುರ್ಚಿ, ಎಸಿ, ಎಂಆರ್‌ಟಿ ರೈಲಿನಲ್ಲಿ ಹೋಗಿ ಬರಬಹುದು.

ಆದರೂ ನಿರುಪಮಾ ಒಳಗೊಳಗೇ ಕೊರಗುತ್ತಿದ್ದಳು. "ಬೂದುಗುಂಬಳಕಾಯಿ ಒಡೀಬೇಕಾದ ಕಡೆ ಸಿಹಿಗುಂಬಳ ಒಡೆಸ್ದೆ ನೋಡಿ. ಅದರದ್ದೇ ದೋಷ," ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಕುಂಬಳಕಾಯಿಗೂ ಬ್ರೇಕಿಗೂ ಏನು ಸಂಬಂಧ ಎಂದು ನಾನು ನಾಲ್ಕು ಸಲವೂ ಗದರುತ್ತಿದ್ದೆ.

ಬುಧವಾರ ಮಧ್ಯಾಹ್ನ ಕೋಲ್ಡ್ ಸ್ಟೋರೇಜಿನ ಒಳಗಿದ್ದೆ. ಸೀಗಡಿ ಪೆಟ್ಟಿಗೆ ಹೇರಿದ್ದ ತಳ್ಳುಗಾಡಿಯೊಂದು ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ತಳ್ಳಿದರೆ ಮುಂದಕ್ಕೆ ಹೋಗುವ ಬದಲು ಎಡಕ್ಕೆ ತಿರುಗಿ ಗೋಡೆಗೆ ಮೂತಿ ತಗುಲಿಸುತ್ತದೆ. ಬಗ್ಗಿ ನೋಡಿದೆ. ಎಡಚಕ್ರ ತಿರುಗುತ್ತಲೇ ಇಲ್ಲ. ಕೀಲಿನಲ್ಲಿ ತೆಳ್ಳನೆ ಮಂಜುಗಡ್ಡೆ. ನನಗೆ ಪಿತ್ತ ನೆತ್ತಿಗೇರಿತು. ಶಿಫ್ಟಿನ ಸೂಪರ್‌ವೈಸರ್ ಉಪೇಂದ್ರನನ್ನು ಕರೆದೆ.

"ಏನ್ರೀ ಇದು, ಮತ್ತೆ ತೊಳೆದ ಗಾಡೀನ ಒಣಗಿಸ್ದೆ ಒಳಗೆ ತಂದಿದಾರೆ. ಎಷ್ಟು ಸಲ ಹೇಳಿದೀನಿ, ತೊಳೆದ ಚಕ್ರ ಒಳಗೆ ಬಂದ್ರೆ ನೀರು ಹೆಪ್ಪುಗಟ್ಟಿ…"

ಮಾತು ಅಲ್ಲಿಗೇ ನಿಂತಿತು. ಉಪೇಂದ್ರ ನನ್ನ ಮುಖ ನೋಡುತ್ತ, "ಸರ್, ಹುಷಾರಿದೀರಾ?" ಎಂದ.

ನಾನು ಹುಷಾರಿರಲಿಲ್ಲ. ಆ ನಿಯಮ ಮಾಡಿದವನೇ ನಾನು. ಬಾಗಿಲ ಪಕ್ಕ ನಾಲ್ಕು ಭಾಷೆಯಲ್ಲಿ ಬೋರ್ಡ್ ಹಾಕಿಸಿದವನೂ ನಾನೇ. ಅದೇ ನಾನು ಸೋಫಾದಲ್ಲಿ ಕೂತು, ಇನ್ನೊಂದು ಮಗ್ ಹಾಕು ಎಂದಿದ್ದೆ. ನೆಲದ ಮೇಲೆ ಸ್ಲಶ್ ಇರಲಿಲ್ಲ ನಿಜ. ನೀರು ಬಕೆಟ್ಟಿನಿಂದ ಬಂದಿತ್ತು. ಅದೂ ಎಡಚಕ್ರಕ್ಕೆ, ಯಾಕೆಂದರೆ ಫೋನ್ ಇದ್ದದ್ದು ಎಡಗಡೆ. ಹಾರುವಾಗ ಬ್ರೇಕಿನಲ್ಲಿ ಹೆಪ್ಪುಗಟ್ಟಿ ಚಕ್ರವನ್ನು ಹಿಡಿದುಕೊಂಡಿತು, ಬೆಚ್ಚನೆಯ ಶೆಡ್ಡಿನಲ್ಲಿ ಕರಗಿ ಹರಿದುಹೋಯಿತು. ದೀಪದ ಬುಡದಲ್ಲೇ ಕತ್ತಲೆ ಎಂದು ಬೇರೆಯವರಿಗೆ ಹೇಳಿದ್ದೇ ಹೇಳಿದ್ದು.

ಸಂಜೆ ಬಸ್ಸಿಳಿದವನಿಗೆ ಮೇಲೆ ಮನೆಗೆ ಹೋಗಲು ಕಾಲು ಬರಲಿಲ್ಲ. ನಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ಬಿಟ್ಟಿರುವ ವಾಯ್ಡ್ ಡೆಕ್ಕಿನಲ್ಲಿ, ಮುದುಕರು ಚೆಸ್ ಆಡುವ ಕಲ್ಲಿನ ಬೆಂಚಿನ ಮೇಲೆ ಕೂತೆ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನೇರವಾಗಿಯೇ ಹೇಳುತ್ತೇನೆ. ನಾನು ಬಾಯಿ ಬಿಡದಿದ್ದರೆ ಮಗಳು ಮನೆಗೆ ಬರುತ್ತಾಳೆ. ಹಿಮವಿಲ್ಲದ ಊರಿಗೆ, ನೀಲಿ ಬೆಡ್‌ಶೀಟಿಗೆ, ಬ್ಯೂನಾ ವಿಸ್ಟಾದ ಕುರ್ಚಿಗೆ. ಇನ್ನು ಯಾವ ಬೆಳಿಗ್ಗೆಯೂ ಆ ಫೋನು ಬರುವುದಿಲ್ಲ. ಬಾಯಿ ಬಿಟ್ಟರೆ ನಾನೇ ಕೈಯಾರೆ ಅವಳನ್ನು ಮತ್ತೆ ಆ ಹಿಮಕ್ಕೆ ಕಳಿಸಿದ ಹಾಗೆ. ಯಾರೂ ಕೇಳುವುದಿಲ್ಲ, ಯಾರಿಗೂ ಹೊಳೆದೂ ಇಲ್ಲ. ಸುಮ್ಮನಿದ್ದರೆ ಸಾಕು.

ಸುಮ್ಮನಿದ್ದರೆ ಆಯಿತು ಎಂದು ತೀರ್ಮಾನಿಸಿಯೇ ಎದ್ದೆ. ಲಿಫ್ಟಿನಲ್ಲಿ ನಿಂತಾಗ ಬೂಟಿನೊಳಗಿನ ನನ್ನ ಕಾಲು ಕಂಡಿತು. ನನ್ನ ಕಾಲನ್ನೇ ನಾನು ನಂಬಕ್ಕಾಗ್ತಿಲ್ಲ ಎಂದಿದ್ದಳು. ಸೈಕಲ್ ಕಲಿಯುವಾಗ ಬಿದ್ದು ಎದ್ದು ಹತ್ತಿದವಳು, ಎಲ್ಲೂ ಹಿಂಜರಿಯದವಳು, ಇನ್ನು ಮೇಲೆ ಏನು ಮಾಡಹೊರಟರೂ ತನ್ನ ಕಾಲನ್ನು ಒಮ್ಮೆ ಅನುಮಾನದಿಂದ ನೋಡಿಕೊಳ್ಳುತ್ತಾಳೆ. ಅಂಥ ಮಗಳು ನನ್ನೆದುರು ಊಟಕ್ಕೆ ಕೂತರೆ ನನಗೆ ಅನ್ನ ಇಳಿದೀತೇ?

ಬಾಗಿಲು ತೆಗೆದ ನಿರುಪಮಾ, "ತಡ ಆಯ್ತಲ್ಲ," ಎಂದವಳೇ ಶುರುಮಾಡಿದಳು. "ಲಿಟಲ್ ಇಂಡಿಯಾಗೆ ಹೋಗಿದ್ದೆ. ಅಲ್ಲಿ ರಾಶಿ ರಾಶಿ ಬೂದುಗುಂಬಳಕಾಯಿ ನೋಡಿ ಹೊಟ್ಟೆ ಉರೀತು. ಆ ಕುಂಬಳಕಾಯಿ ತಪ್ಪು…"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜಕ್ಕೂ ಹೆಗಲಿಗೆ ಹೋಯಿತು. "ಕುಂಬಳಕಾಯಿದಲ್ಲ ಕಣೇ," ಎಂದೆ. "ನೀರಿಂದು. ನಾನು ಹಾಕಿಸಿದ ನೀರಿಂದು. ಬಾ, ಮೈತ್ರೇಯಿಗೆ ಫೋನ್ ಮಾಡೋಣ."

ಮೈತ್ರೇಯಿ ಆಗಷ್ಟೇ ಎದ್ದಿದ್ದಳು. ಕಣ್ಣ ಕೆಳಗೆ ಕಪ್ಪು. ನಾನು ಪೀಠಿಕೆ ಹಾಕಲಿಲ್ಲ. ತಳ್ಳುಗಾಡಿಯ ವಿಷಯ ಹೇಳಿದೆ, ಬಕೆಟ್ಟಿನ ವಿಷಯ ಹೇಳಿದೆ.

"ಬಲಗಡೆ ಚಕ್ರ ನಾನು ತೊಳೀಲೇ ಇಲ್ಲ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ.

"ಇಲ್ಲ. ನಾಲ್ಕು ಹನಿ ಚಿಮುಕಿಸ್ದೆ ಅಷ್ಟೆ. ನನಗೆ ಅದು ಕಾಣ್ತಿರ್ಲಿಲ್ಲ. ಕಂಡಿದ್ರೆ ಅದಕ್ಕೂ ಹಾಕಿಸ್ತಿದ್ದೆ."

"ಹೀಟೆಡ್ ಹ್ಯಾಂಗರ್… ಹೊರಗೆ ಮೈನಸ್ ಎಯ್ಟೀನ್… ಒಳಗಡೆ ಬೆಚ್ಚಗಿತ್ತಲ್ಲ, ಅದಕ್ಕೆ ನಂಗೆ ಹೊಳೀಲೇ ಇಲ್ಲ. ಮನೇಲಿ ಸೈಕಲ್ ತೊಳೆದ ಹಾಗೆ ತೊಳೆದುಬಿಟ್ಟೆ." ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಬಂತು. "ಹಾಗಾದ್ರೆ ನನ್ನ ಕಾಲಲ್ಲ."

"ನಿನ್ನ ಕಾಲಲ್ಲ ಮಗಳೇ."

ಅವಳು ಅತ್ತಳು. ಅಪಘಾತದ ದಿನ ಕೂಡ ಅತ್ತಿರದವಳು ಹೆಗಲು ಕುಲುಕಿಸಿಕೊಂಡು, ಮೂಗು ಒರೆಸಿಕೊಂಡು, ನಡುನಡುವೆ ನಗುತ್ತ ಅತ್ತಳು. ನೋಡುತ್ತ ನೋಡುತ್ತ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇನ್ನು ಅವಳು ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ಹಗುರವಾಯಿತು.

"ನಾಡಿದ್ದು ಏನಂತ ಹೇಳ್ತೀಯ?" ಎಂದು ಕೇಳಿದೆ. "ಪೂಜೆ ಅಂತ ಚಕ್ರಕ್ಕೆ ನೀರು ಹುಯ್ದೆ ಅಂದ್ರೆ ನಗಲ್ವಾ?"

"ನಗ್ಲಿ. ತೊಳೆದಿದ್ದು ನಾನೇ, ಬೈಗುಳ ನಂಗೇ. ಆದ್ರೆ ಅದು ಕಲಿಯೋ ಅಂಥ ತಪ್ಪು ಅಪ್ಪ. ಕಾಲನ್ನೇ ನಂಬಕ್ಕಾಗ್ದೆ ಇದ್ರೆ ಕಲಿಯೋದು ಏನಿರತ್ತೆ?"

ಫೋನಿಟ್ಟ ಮೇಲೆ ನಾನು ಹೆಂಡತಿಯ ಮುಖ ನೋಡಲು ಹೆದರಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಇದು ನಿಮಗೆ ಯಾವಾಗ ಹೊಳೀತು?"

"ಮಧ್ಯಾಹ್ನ."

"ಅಷ್ಟೊತ್ತಿಂದ ಎಲ್ಲಿದ್ರಿ?"

"ಕೆಳಗೆ ಕೂತಿದ್ದೆ. ಹೇಳೋದೇ ಬೇಡ ಅಂದ್ಕೊಂಡಿದ್ದೆ."

ಅವಳಿಗೆ ಅರ್ಥವಾಯಿತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೂಮಿನ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು. "ನನಗೆ ಹೊಳೆದಿದ್ರೆ ನಾನು ಹೇಳ್ತಿರ್ಲಿಲ್ಲವೇನೋ," ಎಂದಳು. "ನೀವು ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಅಡುಗೆಮನೆಗೆ ಹೋಗುತ್ತ, "ಅಂತೂ ಕುಂಬಳಕಾಯಿದೇನೂ ತಪ್ಪಿಲ್ಲ," ಎಂದು ಸೇರಿಸಿದಳು. ಆ ಮಾತಿನಲ್ಲಿ ಗೆದ್ದ ಕಳೆ ಇತ್ತು.

ಶುಕ್ರವಾರದ ಮೀಟಿಂಗಿನಲ್ಲಿ ಯಾರೂ ನಗಲಿಲ್ಲವಂತೆ. ಚೀಫ್ ಪೈಲಟ್ ತಲೆ ನರೆತ ಹೆಂಗಸು. ಎಲ್ಲ ಕೇಳಿಸಿಕೊಂಡು, ಅದೇ ಹ್ಯಾಂಗರಿನಲ್ಲಿ ಇನ್ನೊಂದು ಚಕ್ರಕ್ಕೆ ಮಗ್ಗಿನಲ್ಲಿ ಬಿಸಿನೀರು ಹುಯ್ಯಿಸಿ ಹೊರಗೆ ಚಳಿಗೆ ಇಡಿಸಿದಳು. ಸ್ವಲ್ಪ ಹೊತ್ತಿನಲ್ಲೇ ಅದು ಕಚ್ಚಿಕೊಂಡಿತು. ಇಬ್ಬರು ಎಳೆದರೂ ಅಲ್ಲಾಡಲಿಲ್ಲ. ಚೆನ್ನಾಗಿ ಬೈದಳು. ಬೈದ ಮೇಲೆ ಹೇಳಿದಳಂತೆ, ಡಾಂಬರಿನ ಮೇಲೆ ಹೀಗೆ ಚಕ್ರ ಕಚ್ಚಿಕೊಂಡಿದ್ದರೆ ವಿಮಾನ ಮಗುಚಿಕೊಳ್ಳುತ್ತಿತ್ತು, ಹಿಮವಾದದ್ದಕ್ಕೆ ಜಾರಿತು, ಗುಡ್ಡೆ ಮೆತ್ತಗಿದ್ದದ್ದಕ್ಕೆ ನೀನು ಇಲ್ಲಿ ನಿಂತಿದ್ದೀಯ ಎಂದು. ನಾನು ಇಷ್ಟು ದಿನ ಬೈದುಕೊಂಡಿದ್ದ ಹಿಮವೇ ನನ್ನ ಮಗಳನ್ನು ಉಳಿಸಿತ್ತು. ರಾಜೀನಾಮೆಯ ಮಾತನ್ನು ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತೇನೆ, ಅದರಲ್ಲಿ ಸರಿಯಾಗಿ ಇಳಿಸು, ಮತ್ತೆ ಕೆಲಸಕ್ಕೆ ಬಾ ಎಂದಳು.

ಆ ಪರೀಕ್ಷೆಯ ವಿಡಿಯೋ ಮುಂದಿನ ವಾರ ಬಂತು. ಪಕ್ಕದ ಸೀಟಿನಿಂದ ಚೀಫ್ ಪೈಲಟ್ಟೇ ಹಿಡಿದದ್ದು. ಆಕಾಶ ಕಾಣಬಹುದು, ರನ್‌ವೇ ಕಾಣಬಹುದು ಎಂದು ನಾವಿಬ್ಬರೂ ಸೋಫಾದ ಅಂಚಿಗೆ ಬಂದು ಕೂತರೆ, ಕಂಡದ್ದು ಬರೀ ಕಾಲು. ಮೈತ್ರೇಯಿಯ ದಪ್ಪ ಬೂಟಿನ ಎರಡು ಕಾಲು, ಪೆಡಲಿನ ಮೇಲೆ. ಎಂಜಿನ್ನಿನ ಸದ್ದು ಕಡಿಮೆಯಾಯಿತು. ಧಡ್ ಎಂದು ಚಕ್ರ ನೆಲಕ್ಕೆ ತಾಗಿತು, ಹಿಮ ಸರಸರ ಎಂದಿತು. ನಿರುಪಮಾ ನನ್ನ ಮೊಣಕೈಯನ್ನು ಹಿಂಡಿಬಿಟ್ಟಳು. ಹಿಮ್ಮಡಿಗಳು ನೆಲಕ್ಕೆ ಊರಿಕೊಂಡೇ ಇದ್ದವು. ಬೆರಳು ಮೇಲಕ್ಕೆ ಹೋಗಲಿಲ್ಲ. ವಿಮಾನ ನೆಟ್ಟಗೆ ಓಡಿ ನಿಧಾನವಾಯಿತು, ನಿಂತಿತು. ಆಮೇಲೆ ಎಡಗಾಲಿನ ಬೂಟು ತಾಳ ಹಾಕುವ ಹಾಗೆ ಎರಡು ಸಲ ಅಲ್ಲಾಡಿತು, ನಮಗೆಂದೇ.

ನಿರುಪಮಾ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. ಕಡೆಗೆ ಸ್ಕ್ರೀನಿನ ಮೇಲಿನ ಆ ಬೂಟುಗಳ ಮುಂದೆ ಕೈಬೆರಳು ಮಡಚಿ ನೆಟಿಕೆ ಮುರಿದಳು. "ಮುಂದಿನ ವರ್ಷ ಒದ್ದೆ ಬಟ್ಟೇನೂ ಮುಟ್ಟಿಸ್ಬೇಡ ಅಂತ ಹೇಳಿ. ಒಣ ಅಕ್ಷತೆ ಸಾಕು," ಎಂದು ಕಣ್ಣೊರೆಸಿಕೊಂಡಳು.

ನಾನು ಮಗಳ ರೂಮಿಗೆ ಹೋಗಿ ಮಂಚದ ಮೇಲಿನ ನೀಲಿ ಬೆಡ್‌ಶೀಟನ್ನು ತೆಗೆದೆ. ಇನ್ನೂ ಅಂಗಡಿಯ ಮಡಿಕೆಯ ಗೆರೆ ಹೋಗಿರಲಿಲ್ಲ. ಅದೇ ಗೆರೆಯ ಮೇಲೆ ಮಡಚಿ, ಕಪಾಟಿನಲ್ಲಿ ಅವಳ ಬಟ್ಟೆಗಳ ಕೆಳಗೆ ಇಟ್ಟೆ. ರಜಕ್ಕೆ ಬಂದಾಗ ಹಾಸಿದರಾಯಿತು.